ವಿಷಯ ಸಂಖ್ಯೆ ಹದಿನಾಲ್ಕು

ಈ ಊರಿನ ಜಗಳವನ್ನು ಸಭ್ಯ ಮಾಡುವುದು ನನ್ನ ಕೆಲಸ.
ಹನ್ನೊಂದು ವರ್ಷದಿಂದ ದಾವಣಗೆರೆ ಪಾಲಿಕೆಯಲ್ಲಿ
ನಡಾವಳಿ ಬರೆಯುತ್ತೇನೆ.
'ನಿಮ್ಮಪ್ಪನ ಮನೆ ಗಂಟೇನಲೇ' ಎಂದದ್ದು
'ಸದಸ್ಯರು ಆಕ್ಷೇಪಿಸಿದರು' ಆಗುತ್ತದೆ.
ಕುರ್ಚಿ ಎತ್ತಿದ್ದು, ಗದ್ದಲ.
ಮೈಕಿನ ಕತ್ತು ಮುರಿದದ್ದು, ಕೆಲಕಾಲ ಗದ್ದಲ.
ಆಮೇಲೆ ನಿದ್ದೆಯಲ್ಲೂ ಕೈ ಬರೆಯುವ ಆ ಸಾಲು:
ಸಭೆಯನ್ನು ಮುಂದೂಡಲಾಯಿತು.

ಯಾರು ಮುಂದೂಡಿದರು?
ಕರ್ಮಣಿ ಪ್ರಯೋಗಕ್ಕೆ ಮುಖವಿಲ್ಲ.
ಬಿಸಿಲು ಬಿದ್ದಂತೆ, ಹೊತ್ತು ಇಳಿದಂತೆ
ತನ್ನಷ್ಟಕ್ಕೆ ಮುಂದೂಡಲಾಗುತ್ತದೆ.

ವಿಷಯ ಸಂಖ್ಯೆ ಹದಿನಾಲ್ಕು:
ಮಂಡಕ್ಕಿ ಭಟ್ಟಿ ಹಿಂದಿನ ಎರಡನೇ ಅಡ್ಡರಸ್ತೆಯ
ಕುಡಿಯುವ ನೀರಿನ ಕೊಳವೆಯನ್ನು
ಚರಂಡಿಯೊಳಗಿಂದ ತೆಗೆದು ಬೇರೆ ಹಾಕುವ ಬಗ್ಗೆ.
ಅರವತ್ತು ಮೀಟರು.
ನನ್ನ ಮಗಳ ಶಾಲೆಯ ಓಟಕ್ಕೂ ಸಾಲದಷ್ಟು ದೂರ.

ಮೊದಲ ಸಭೆಯಲ್ಲಿ ಬಲಸಾಲು ಎದ್ದು ಹೋಯಿತು,
ಗೋಡೆಗೆ ಹಾಕಿದ ಒಂದು ಪಟದ ವಿಚಾರಕ್ಕೆ.
ಎರಡನೆಯದರಲ್ಲಿ ಎಡಸಾಲು,
ಪಟ ತೆಗೆದ ವಿಚಾರಕ್ಕೆ.
ಮೂರನೆಯದು ಕೋರಂ ಇಲ್ಲದೆ ನಿಂತಿತು:
ಎರಡೂ ಸಾಲು ಒಂದೇ ಮದುವೆಗೆ
ಒಂದೇ ವ್ಯಾನಿನಲ್ಲಿ ಹರಿಹರಕ್ಕೆ ಹೋಗಿತ್ತು.
ನಾಲ್ಕನೆಯದರಲ್ಲಿ ಎಲ್ಲರೂ ಇದ್ದರು, ಎಲ್ಲರೂ ಒಪ್ಪಿದರು,
ಕೊಳವೆ ಬೇಕೇ ಬೇಕು.
ಕಲ್ಲಿನ ಮೇಲೆ ಯಾರ ಹೆಸರು ಮೊದಲು
ಎನ್ನುವುದಕ್ಕೆ ಸಂಜೆ ಐದೂವರೆ ಆಯಿತು.
ನೆಲದಲ್ಲಿ ಹೂತು ಮೇಲೆ ಕಲ್ಲು ನೆಡುವುದು
ಇನ್ನೊಂದಕ್ಕೂ ಇದೆ, ಸ್ವಾಮಿ,
ಎನ್ನಬೇಕೆನ್ನಿಸಿತು.
ನಡಾವಳಿ ಬರೆಯುವವಳು ಮಾತಾಡುವಂತಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ.
ಈ ಗಂಡ ಹೆಂಡಿರು ರಾತ್ರಿ ಒಂದೇ ಮೇಜಿನಲ್ಲಿ
ಬೆಣ್ಣೆ ದೋಸೆ ಮುರಿಯುತ್ತಾರೆ,
ಚಟ್ನಿ ಅತ್ತಿಂದಿತ್ತ ಸರಿಸುತ್ತಾರೆ.

ವಾಲ್ವ್ ತಿರುಗಿಸುವ ಕೊಟ್ರೇಶಿ
ಪ್ರತಿ ಸಭೆಯ ದಿನ ಬರುತ್ತಾನೆ,
ಆ ಓಣಿಯ ನೀರು ಒಂದು ಬಾಟಲಿ ತುಂಬಿ
ನನ್ನ ಮೇಜಿನ ಮೇಲಿಡುತ್ತಾನೆ.
'ಇದನ್ನೂ ಬರ್ಕೊಳ್ರಿ ಮೇಡಂ.
ಎಂಟು ಮನಿಗೆ ಕಾಮಾಲೆ ಐತಿ.
ಭಟ್ಟಿಯಾಗ ಮಂಡಕ್ಕಿ ಹುರಿಯೋ ಮೆಹರಾಂಬಿ
ಮರಳು ಜರಡಿ ಹಿಡೀತಾ ಹಿಡೀತಾ ಬಿದ್ದಳು.'
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ.
ಸಭಾಂಗಣದಲ್ಲಿ ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಬಣ್ಣ,
ಹಳದಿ ಮಾತ್ರ ಯಾರಿಗೂ ಕಾಣುವುದಿಲ್ಲ.

ಕ್ಯಾಂಟೀನಿನ ಟಿವಿಯಲ್ಲಿ ಆಗ ಬೆಂಗಳೂರು, ಆಮೇಲೆ ದಿಲ್ಲಿ.
ಅಲ್ಲಿಯೂ ಹರಿದ ಕಾಗದ, ಅಲ್ಲಿಯೂ ಎದ್ದು ನಿಂತ ಸಾಲು,
ನನ್ನಂಥವರು ಯಾರೋ ಕೆಳಗೆ ಕೂತು
ತಲೆ ಎತ್ತದೆ ಬರೆಯುತ್ತಿದ್ದಾರೆ.
'ಸದಸ್ಯರು ಸದನದ ಬಾವಿಗಿಳಿದರು' ಎಂದಿತು ಟಿವಿ.
ಕೊಟ್ರೇಶಿ ಚಹಾದ ಲೋಟ ಕೆಳಗಿಟ್ಟ:
'ಅಷ್ಟು ಮಂದಿ ಬಾವಿಗೆ ಇಳೀತಾರಲ್ಲ ಮೇಡಂ,
ನೀರು ಐತೇನು ಅದರಾಗ?'
ನಗು ಬಂತು. ನಕ್ಕ ಮೇಲೆ ಏನು ಮಾಡುವುದು ತಿಳಿಯಲಿಲ್ಲ.

ಐದನೇ ಸಭೆ ಮುರಿದ ದಿನ
ನಾನು ಕರ್ತರಿ ಪ್ರಯೋಗದಲ್ಲಿ ಬರೆದೆ.
'ಸಭೆಯನ್ನು ಇವರು ಮುಂದೂಡಿದರು' ಎಂದು
ಅಷ್ಟೂ ಹೆಸರು, ಅಕಾರಾದಿಯಾಗಿ.
ಅಕಾರಾದಿಗೆ ಎಡ ಬಲ ಗೊತ್ತಿಲ್ಲ,
ಏಕನಾಥಪ್ಪನ ಪಕ್ಕ ಐನುಲ್ಲಾ ಸಾಹೇಬರು,
ಹೆಗಲಿಗೆ ಹೆಗಲು ಹಚ್ಚಿ ಕೂತರು.

ಆರನೇ ಸಭೆ ಹನ್ನೊಂದಕ್ಕೆ ಸರಿಯಾಗಿ ಕೂಡಿತು.
ಎಡಸಾಲು ಸೂಚಿಸಿತು, ಬಲಸಾಲು ಅನುಮೋದಿಸಿತು.
ಗದ್ದಲವಿಲ್ಲ. ಫ್ಯಾನಿನ ಸದ್ದು ಕೇಳುತ್ತಿತ್ತು.
ಆ ಸಾಲನ್ನು ಕಡತದಿಂದ ತೆಗೆದುಹಾಕಲು
ಸರ್ವಾನುಮತದಿಂದ ತೀರ್ಮಾನಿಸಲಾಯಿತು.
ಸರ್ವಾನುಮತ: ಹನ್ನೊಂದು ವರ್ಷದಲ್ಲಿ
ಆ ಪದ ನಾನು ಮೊದಲ ಸಲ ಬರೆದದ್ದು,
ದೀರ್ಘ ಎಲ್ಲಿ ಬರುತ್ತದೆಂದು ಒಮ್ಮೆ ತಡವರಿಸಿದೆ.
ವೇಳೆ ಇಲ್ಲದ್ದರಿಂದ
ವಿಷಯ ಸಂಖ್ಯೆ ಹದಿನಾಲ್ಕು ಮುಂದಿನ ಸಭೆಗೆ.

ಕೊಟ್ರೇಶಿಯ ಬಾಟಲಿ ಮೇಜಿನ ಮೇಲೇ ಇದೆ.
ಯಾರೂ ಅಲುಗಿಸದೆ ಕೆಸರೆಲ್ಲ ತಳಕ್ಕಿಳಿದು
ಮೇಲೆ ತಿಳಿಯಾಗಿದೆ,
ನೋಡಿದವರು ಒಳ್ಳೆಯದೆಂದುಕೊಳ್ಳುವಷ್ಟು.
ಸಭೆ ಕೂಡಿದಾಗೆಲ್ಲ
ಕೂಗಿ ಕೂಗಿ ಗಂಟಲಾರಿದವರು
ಮೊದಲು ಕೇಳುವುದು ನೀರು.