ಕಾಲು ಮುರಿದ ನಾಲ್ಕು

ಬಾನೆಟ್ ಎತ್ತಿದೊಡನೆ ಗೊತ್ತಾಯಿತು,
ಹೇಳಲಿಲ್ಲ.
ಈ ಲ್ಯಾಂಡ್‌ಮಾಸ್ಟರಿಗೆ ವಾಲ್ವು ಪಕ್ಕದಲ್ಲಿರಬೇಕು;
ಇಲ್ಲಿ ನೆತ್ತಿಯ ಮೇಲೆ ಟೋಪಿಯಂತೆ ರಾಕರ್ ಕವರು.
ಯಾವುದೋ ಅಂಬಾಸಿಡರಿನ ಗುಂಡಿಗೆ.

ಶಿಡ್ಲಘಟ್ಟದ ಗೂಡು ವ್ಯಾಪಾರಿ ಮುನಿನಂಜಪ್ಪ
ಆರ್‌ಸಿ ಪುಸ್ತಕ ಬಿಚ್ಚಿ ಹಿಡಿದು ನಿಂತಿದ್ದಾರೆ,
ಹೆಣ್ಣು ಕೇಳಲು ಜಾತಕ ತಂದವರ ಹಾಗೆ:
‘ಒರಿಜಿನಲ್ಲೇ ತಾನೇ ನೂರುಲ್ಲಾ,
ನಂಬರು ಕೂಡುತ್ತಲ್ಲ?’

ಸೀಮೆಎಣ್ಣೆ, ತಂತಿಬ್ರಷ್ಷು, ಆಮೇಲೆ ಹೆಬ್ಬೆರಳು.
ನಲವತ್ತು ವರ್ಷದ ಜಿಡ್ಡು ಬಿಟ್ಟುಕೊಟ್ಟಿತು
ಒಂದೊಂದೇ ಅಂಕಿ.
ಕೂಡುತ್ತದೆ. ಎಲ್ಲಾ ಕೂಡುತ್ತದೆ.
ಅಡಿಯಲ್ಲಿ ಅರದ ಗೀರು, ಹಳೆಯ ನಂಬರು ಉಜ್ಜಿ ಅಳಿಸಿದ್ದು.
ಇರಲಿ, ಚಿಂತಾಮಣಿಯಲ್ಲಿ ಮಾತ್ರ ನಡೆದದ್ದೇನಲ್ಲ.

ಆದರೆ ಈ ನಾಲ್ಕು.
ಕಾಲು ಮುರಿದ ನಾಲ್ಕು.

ಅಬ್ಬಾನ ಪಂಚಿನ ಡಬ್ಬಿ ಇನ್ನೂ ಇಲ್ಲೇ ಇದೆ,
ಚೇಳೂರು ರಸ್ತೆಯ ಇದೇ ಶೆಡ್ಡಿನ ಹಲಗೆಯ ಮೇಲೆ.
ಅದರ ನಾಲ್ಕನ್ನು ಕಲ್ಲಿಗೆ ಗುದ್ದಿ ಮುರಿದವನು ನಾನು,
ಆರನೇ ಕ್ಲಾಸಿನಲ್ಲಿ, ನನ್ನ ಕ್ರಿಕೆಟ್ ಪಿಚ್ಚಿಗೆ ಗುರುತು ಹಾಕಲು ಹೋಗಿ.
ಅವತ್ತು ಫ್ಯಾನ್‌ಬೆಲ್ಟು ಬೆನ್ನಿಗೆ ಇಳಿದಾಗ ಅಂದಿದ್ದ:
‘ಕಬ್ಬಿಣದ ಹತ್ತಿರ ಸುಳ್ಳಾಡಬಾರದು ಕಣೋ,
ಅದು ಮರೆಯೋದಿಲ್ಲ.’

ಟಾರ್ಚು ಆರಿಸಿದೆ.
ಮುನಿನಂಜಪ್ಪ ಇನ್ನೂ ಪುಸ್ತಕ ಮಡಚಿಲ್ಲ.

‘ಇಂಜಿನ್ ಬೇರೆಯದು ಸಾರ್.’

‘ಯಾವ ಕಳ್ಳನನ್ಮಗ ಹಾಕಿದ್ದು?’

ಚಿಂದಿಯಲ್ಲಿ ಕೈ ಒರೆಸಿಕೊಂಡೆ,
ಒಂದೊಂದೇ ಬೆರಳು.

‘ಕೂರಿಸಿದವನು ಕೆಲಸ ಬಲ್ಲವನು.
ಮೌಂಟಿಂಗು ನೋಡಿ, ಇವತ್ತಿಗೂ
ಒಂದು ನೂಲು ಸರಿದಿಲ್ಲ.’