ಶುಕ್ರವಾರ ಐದರೊಳಗೆ

ಫಾರಮ್ಮಿನಲ್ಲಿ ಒಂಬತ್ತು ಚೌಕ. ಒಂದಕ್ಕೆ ಮಾತ್ರ ಗುರುತು.
ಶುಕ್ರವಾರ ಐದರೊಳಗೆ, ಅಂದರು ಮಿಸೆಸ್ ಒಸ್ಟ್ರೊವ್ಸ್ಕಿ,
ಅಂದು, ಮಿಠಾಯಿ ಬಟ್ಟಲನ್ನು ನನ್ನ ಕಡೆ ಸರಿಸಿದರು.
ಅದರಲ್ಲೂ ನೂರೆಂಟು ಬಣ್ಣ. ಯಾವುದನ್ನೂ ತೆಗೆಯಲಾಗಲಿಲ್ಲ.

ರೂಮಿನ ಡೆಲ್ಫೀನ್‌ಗೆ ಏಳನೇ ವಯಸ್ಸಿಗೇ ಗೊತ್ತಿತ್ತಂತೆ.
ಟೋಸ್ಟರ್ ಬಿಚ್ಚಿದಳಂತೆ, ಶಾಕ್ ಹೊಡೆಸಿಕೊಂಡಳಂತೆ,
ಅಂದಿನಿಂದ ಎಲೆಕ್ಟ್ರಿಕಲ್.
ನಾನೂ ಬಿಚ್ಚಿದ್ದೇನೆ ಟೋಸ್ಟರ್. ಒಳಗೆ
ಹಳೆಯ ಬ್ರೆಡ್ಡಿನ ಪುಡಿಯಿತ್ತು, ಅಷ್ಟೆ.

ಅಪ್ಪ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸುತ್ತಾನೆ.
ಫೋನಿನಲ್ಲಿ ಅವನ ಮಾತಿನಡಿ ಅಲಗು ರಸ್ತೆ ಕೆರೆಯುವ ಸದ್ದು.
"ಸಿವಿಲ್ ಮಾಡು. ರಸ್ತೆ ಯಾವತ್ತೂ ಕೆಡುತ್ತಲೇ ಇರುತ್ತದೆ."
ಮುತ್ತಜ್ಜ ತಾಮ್ರದ ಗಣಿಯಲ್ಲಿದ್ದವನು. ಗಣಿ ಮುಚ್ಚಿದೆ,
ಚೌಕ ಮಾತ್ರ ಇನ್ನೂ ಇದೆ, ಕೆಳಗಿನಿಂದ ಎರಡನೆಯದು.
ಅಲ್ಲಿಗೆ ಬಂದಾಗ ಪೆನ್ನು ತಾನಾಗಿ ಮೆಲ್ಲಗಾಗುತ್ತದೆ,
ಸಮಾಧಿಯ ಮುಂದೆ ಹಾಯುವವರ ಹಾಗೆ.

ಪಟ್ಟಿ ಮಾಡಿದೆ: ಸಂಬಳ, ಗಣಿತ, ಹುಡುಗಿಯರೆಷ್ಟು.
ಕಾಸು ಚಿಮ್ಮಿದೆ. ಕಾಸು ಮಂಚದಡಿ ಹೋಯಿತು.
ಮೆಕ್ಯಾನಿಕಲ್ ಅಂದರೆ ಎಲ್ಲವೂ ಅಂತಾರೆ,
ಎಲ್ಲವೂ ಅಂದರೇನು ಅಂತ ಕೇಳಿದರೆ ನಗುತ್ತಾರೆ.
ಕೆಮಿಕಲ್‌ನವರು ಊಟಕ್ಕೂ ಗುಂಪಾಗಿಯೇ ಬರುತ್ತಾರೆ,
ಒಂದೇ ಹಡಗು ಮುಳುಗಿ ಬದುಕಿ ಬಂದವರಂತೆ.

ರಾತ್ರಿ ಹನ್ನೊಂದರಿಂದ ಎರಡು ನನ್ನ ಪಾಳಿ, ಹಾಕಿ ಅಂಗಳದಲ್ಲಿ.
ಹೊರಗೆ ಸುಪೀರಿಯರ್ ಸರೋವರದ ಗಾಳಿ ತಗಡು ಬಡಿಯುತ್ತಿರುತ್ತದೆ.
ಆಟಗಾರರು ಗೀರಿಹೋದ ಮಂಜುಗಡ್ಡೆಯ ಮೇಲೆ
ಆನೆಯಂಥ ಯಂತ್ರ ನಡೆಸುತ್ತೇನೆ, ಸುತ್ತು, ಸುತ್ತಿನೊಳಗೆ ಸುತ್ತು.
ಹಿಂದೆ ಬಿಸಿನೀರು ಹಾಸಿಕೊಳ್ಳುತ್ತ ಬರುತ್ತದೆ.
ಬಿಸಿನೀರು! ಮೊದಲ ವಾರ ನಂಬಲಿಲ್ಲ.
ತಣ್ಣೀರಾದರೆ ಗಾಳಿ ಹಿಡಿದುಕೊಂಡು ಮಬ್ಬಾಗುತ್ತದೆ,
ಬಿಸಿಯದು ಗಾಯದ ಅಂಚನ್ನು ಒಂದಿಷ್ಟು ಕರಗಿಸಿ
ಆಮೇಲೆ ಕೂಡಿಕೊಳ್ಳುತ್ತದೆ, ಅಂದ ಅರ್ವಿಡ್ ಲಾಹ್ಟಿ,
ಮೂವತ್ತೊಂದು ಚಳಿಗಾಲ ಇದೇ ಅಂಗಳ ಕಾದವನು,
ಕಾಲೇಜಿನ ಮೆಟ್ಟಿಲು ಹತ್ತಿದ್ದು ಬಲ್ಬು ಬದಲಾಯಿಸಲು.

ಬುಧವಾರ ರಾತ್ರಿ ಕಂಪ್ರೆಸರ್ ನಿಂತಿತು.
ನಿಂತಾಗಲೇ ತಿಳಿದದ್ದು, ಇಷ್ಟು ದಿನ ಗುನುಗುತ್ತಿತ್ತೆಂದು.
ನಾನು ಟಾರ್ಚು ಹಿಡಿದೆ. ಅವನು ಅಂಗಾತ ಮಲಗಿ ಒಳಗೆ ತೂರಿದ.
ಪೈಪು, ಮೋಟಾರು, ತಂತಿ, ಕಾಂಕ್ರೀಟಿನ ಬಿರುಕು,
ಮೂಗು ಸುಡುವ ಅಮೋನಿಯದ ಒಂದು ಎಳೆ.
ನನ್ನ ಚೌಕಗಳೆಲ್ಲ ಅಲ್ಲೇ, ಒಂದೇ ಕೋಣೆಯಲ್ಲಿ,
ನಡುವೆ ಗೆರೆಯಿಲ್ಲದೆ ಒಂದರ ಮೇಲೊಂದು
ಎಣ್ಣೆ ಸುರಿಸಿಕೊಂಡು ಕೂತಿದ್ದವು.
"ಏನು ಓದುತ್ತಿದ್ದೀಯ?" ಕೇಳಿದ, ಹಲ್ಲಲ್ಲಿ ವಾಷರ್ ಕಚ್ಚಿ.
"ಇನ್ನೂ ಇಲ್ಲ" ಅಂದೆ.
"ಸ್ವಲ್ಪ ಎಡಕ್ಕೆ ಹಿಡಿ" ಅಂದ.

ಬೋಲ್ಟು ತುಂಡಾಗಿತ್ತು. ಅರ್ಧ ನನ್ನ ಅಂಗೈಗೆ ಹಾಕಿದ.
ಮುರಿದ ಮುಖ ಒಂದು ಕಡೆ ನುಣುಪು, ಕಪ್ಪೆಚಿಪ್ಪಿನಂಥ ಗೆರೆಗೆರೆ,
ಇನ್ನೊಂದು ಕಡೆ ಒರಟು, ಸಕ್ಕರೆಯಂತೆ ಹರಳು ಹರಳು.
"ಗೆರೆಯಿರುವಷ್ಟೂ ತಿಂಗಳುಗಟ್ಟಲೆ ಮುರಿದದ್ದು,
ಯಾರಿಗೂ ಹೇಳದೆ. ಒರಟಾದದ್ದು ಇವತ್ತಿನದು."
ಹೊಸ ಬೋಲ್ಟು ಬಂತು. ಗುನುಗು ಮತ್ತೆ ಶುರುವಾಯಿತು.
ನಾನು ಅಲ್ಲೇ ಇದ್ದೆ, ಟಾರ್ಚು ಆರಿಸಲು ಮರೆತು,
ಗೆರೆ ಎಣಿಸುತ್ತ, ತಪ್ಪುತ್ತ, ಮತ್ತೆ ಮೊದಲಿನಿಂದ.

ಗುರುವಾರ ಇಲ್ಮಿ ಅಜ್ಜಿಗೆ ಫೋನು. "ಮೆಟೀರಿಯಲ್ಸ್" ಅಂದೆ.
ಅಜ್ಜಿಗೆ ಸಂತೋಷವೋ ಸಂತೋಷ:
"ಪರದೆಗೋ, ಲಂಗಕ್ಕೋ? ನನ್ನ ಹೊಲಿಗೆ ಯಂತ್ರ ನಿನಗೇ."
ತಿದ್ದಲಿಲ್ಲ. ಯಂತ್ರ ಬೇಕಿತ್ತು, ಬಿಚ್ಚಿ ನೋಡಲು.

ಶುಕ್ರವಾರ ನಾಲ್ಕೂ ಐವತ್ತಕ್ಕೆ ಗುರುತು ಹಾಕಿದೆ.
ಖಾತ್ರಿಯಿತ್ತೆಂದಲ್ಲ. ಕೈ ಜಾರಿ ಗೀಟು
ಪಕ್ಕದ ಚೌಕಕ್ಕೂ ಕೊಂಚ ನುಗ್ಗಿತು.
ಮಿಸೆಸ್ ಒಸ್ಟ್ರೊವ್ಸ್ಕಿ ಕನ್ನಡಕ ಏರಿಸಿ, "ಇದರಲ್ಲಿ ಯಾವುದು?"
ಬೆರಳಿಟ್ಟು ತೋರಿಸಿದೆ.
ಬಣ್ಣ ನೋಡದೆ ಒಂದು ಮಿಠಾಯಿ ತೆಗೆದುಕೊಂಡೆ. ಹುಳಿಯಿತ್ತು.
ಅಗಿಯದೆ, ಸೇತುವೆಯವರೆಗೂ
ಬಾಯಲ್ಲೇ ಇಟ್ಟುಕೊಂಡು ನಡೆದೆ.