ಉದಾಸೀನ ಆಗ್ತದೆ

ಹದಿನೇಳು ವರ್ಷ ನನ್ನ ಬಾಯಲ್ಲಿ ಒಂಟಿ ಪದಗಳೇ.
ಯೆಯ್ಯಾಡಿ. ಕೆಪಿಟಿ. ಬಿಜೈ. ಲಾಲ್‌ಬಾಗ್.
ಹೋಲ್ಡೇ ಅಂದರೆ ನಿಲ್ಲು, ರೈಟ್ ಅಂದರೆ ಹೊರಡು.
ವಾಕ್ಯ ಮುಗಿಸಲು ಪುರುಸೊತ್ತು ಯಾರಿಗುಂಟು,
ಮುಂದಿನ ಬಾಗಿಲಲ್ಲಿ ಮೀನಿನ ಬುಟ್ಟಿ,
ಹಿಂದಿನ ಬಾಗಿಲಲ್ಲಿ ಇಡೀ ಕಾಲೇಜು.

ಕಳೆದ ಆಟಿಯಲ್ಲಿ ಒಂದು ಬೆಳಿಗ್ಗೆ
ಬಿಜೈ ಬಂತು, ಹೋಯಿತು.
ನಾನು ಕರೆಯಲಿಲ್ಲ.
ಪದ ಗಂಟಲಿನವರೆಗೆ ಬಂದು
ಟಿಕೆಟ್ ಇಲ್ಲದವನ ಹಾಗೆ
ಸದ್ದಿಲ್ಲದೆ ಇಳಿದುಹೋಯಿತು.
ಇಳಿಯಬೇಕಾದವರು ಬೈದರು. ಒಬ್ಬಳು ಅಂದಳು,
"ಇವನ ಮಂಡೆ ಸಮ ಇಲ್ಲ."

ಸಮ. ಎಷ್ಟು ಸಣ್ಣ ಪದ.
ಚಿಲ್ಲರೆ ಸಮ ಉಂಟಾ, ಚಾಯಕ್ಕೆ ಸಕ್ಕರೆ ಸಮ ಉಂಟಾ.
ಆ ರಾತ್ರಿ ಕಲೆಕ್ಷನ್ ಮೂರು ಸಲ ಎಣಿಸಿದೆ,
ಮೂರು ಸಲವೂ ಸಮ ಬಂತು.
ಮಂಡೆಯನ್ನು ಯಾವ ಮೇಜಿನ ಮೇಲೆ ಸುರಿದು ಎಣಿಸುವುದು?

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬೀದರ್ ಕಡೆಯವಳು,
ನನ್ನ ಅಕ್ಕನ ಮಗಳ ಪ್ರಾಯ.
"ಏನಾಗ್ತದ ಹೇಳ್ರಿ" ಅಂದಳು.
ಬೇಸರವಾ? ಅದಲ್ಲ. ಸಿಟ್ಟಾ? ಅದೂ ಅಲ್ಲ.
"ಉದಾಸೀನ ಆಗ್ತದೆ" ಅಂದೆ.
ಇಲ್ಲಿ ಯಾರಿಗೆ ಆಗುವುದಿಲ್ಲ ಅದು,
ಮೀಯಲಿಕ್ಕೆ ಉದಾಸೀನ, ಅಂಗಡಿಗೆ ಹೋಗಲಿಕ್ಕೆ ಉದಾಸೀನ,
ಆದಿತ್ಯವಾರ ಊಟ ಮುಗಿದ ಮೇಲೆ ಬಂದು
ಸಂಜೆಯ ಚಾಯ ಕುಡಿದು ಹೋಗುವ ನೆಂಟ.
ನನ್ನಲ್ಲಿ ಮಾತ್ರ ಹಾಸಿಗೆ ಬಿಚ್ಚಿದ್ದಾನೆ.

ಅವಳು ಪೆನ್ನು ಎತ್ತಿ ಕೇಳಿದಳು,
"ಯಾರನ್ನ ಉದಾಸೀನ ಮಾಡ್ತೀರಿ?"

ಮೊದಲು ನಗು ಬಂತು.
ಅವಳ ಊರಲ್ಲಿ ಅದು ಮಾಡುವಂಥದ್ದು,
ನಮ್ಮಲ್ಲಿ ಆಗುವಂಥದ್ದು, ಶೀತದ ಹಾಗೆ,
ಯಾರ ತಪ್ಪೂ ಅಲ್ಲ.
ನಗು ಅರ್ಧದಲ್ಲಿ ನಿಂತಿತು.
ಯಾರನ್ನು?
ಅಂಗಿಯ ಮೂರನೇ ಗುಂಡಿಯನ್ನು.
ಕಳೆದ ಚೌತಿಯಿಂದ ದವಡೆಯ ಹಲ್ಲನ್ನು.
ಕಾಸರಗೋಡಿನ ತಂಗಿ ಸುಗಂಧಿಯ ಒಂಬತ್ತು ಮಿಸ್ ಕಾಲ್‌ಗಳನ್ನು.
"ಹೇಳ್ರಿ" ಅಂದಳು ಮತ್ತೆ.
"ಐತಪ್ಪ ಅಂತ ಒಬ್ಬ" ಅಂದೆ, "ಕಂಡಕ್ಟರ್."
ಅವಳು ಚೀಟಿಯ ಮೇಲಿದ್ದ ಹೆಸರು ನೋಡಿದಳು.
ಫ್ಯಾನು ಸ್ವಲ್ಪ ಹೊತ್ತು ಒಂದೇ ತಿರುಗಿತು.

ಬೊಂದೆಲ್‌ನಲ್ಲಿ ಹತ್ತುವ ಫೆಲ್ಸಿ ಟೀಚರ್
ರಿಟೈರಾದರೂ ಕೆಂಪು ಪೆನ್ನು ಬಿಟ್ಟವರಲ್ಲ,
ಟಿಕೆಟಿನ ಕಾಗುಣಿತವನ್ನೂ ತಿದ್ದಿ ಪರ್ಸಿನಲ್ಲಿಡುತ್ತಾರೆ.
ಅವರನ್ನು ಕೇಳಿದೆ, ಬೇರೆ ಯಾರದೋ ಸಂಶಯ ಅನ್ನುವ ಹಾಗೆ.
"ಸಂಸ್ಕೃತ ಅದು ಮಾರಾಯ. ಆಸೀನ, ಕೂತವನು.
ಉದಾಸೀನ, ಆಚೆ ಕೂತವನು.
ಇಬ್ಬರ ಜಗಳದಲ್ಲಿ ಯಾವ ಕಡೆಗೂ ಸೇರದವನು."

ಕೂತವನು!
ಹದಿನೇಳು ವರ್ಷ ಕಂಬಿಗೆ ಸೊಂಟ ಆನಿಸಿ ನಿಂತವನು ನಾನು,
ಗರ್ಭಿಣಿಗೆ, ಮುದುಕರಿಗೆ, ಮಗು ಎತ್ತಿಕೊಂಡವರಿಗೆ
ಸೀಟು ಮಾಡಿಸಿಕೊಟ್ಟವನು.
ನನ್ನೊಳಗೆ ಯಾರೋ ಒಬ್ಬ ನನಗೆ ಹೇಳದೆ
ಕಿಟಕಿ ಕಡೆ ಮುಖ ಮಾಡಿ ಕೂತುಬಿಟ್ಟನೇ?
ಅವನಿಗೂ ಕಾಲು ನೋಯುತ್ತಿತ್ತೋ ಏನೋ.
ಎಬ್ಬಿಸಲು ಹೋದವನು ಸುಮ್ಮನಾದೆ.

ರಾತ್ರಿ ಅರ್ಧ ಮಾತ್ರೆ.
ಸುಗಂಧಿಗೆ ಫೋನ್ ಮಾಡಿದೆ. ಅತ್ತಳು,
ಆಮೇಲೆ ಹಲಸಿನ ಹಪ್ಪಳದ ರೇಟು ಹೇಳಿದಳು.
ಗುಂಡಿ ಇನ್ನೂ ಹಾಕಿಲ್ಲ.
ಆಗ್ತದೆ, ಈಗಲೂ. ಕೆಲವು ಬೆಳಿಗ್ಗೆ
ಚಪ್ಪಲಿಯವರೆಗಿನ ದಾರಿಯೇ ಲಾಂಗ್ ರೂಟು.

ಮೊನ್ನೆ ಎರಡೂವರೆಯ ಟ್ರಿಪ್ಪು, ಬಸ್ಸು ಖಾಲಿ.
ಸರ್ಕ್ಯೂಟ್ ಹೌಸಿನ ಇಳಿಜಾರಿನಲ್ಲಿ
ಟೀಚರ್ ಕೊಡೆ ಸರಿಸಿ ಒಂದೇ ಪದ ಅಂದರು,
"ಕೂತುಕೋ."

ಕೂತೆ. ರೆಕ್ಸಿನ್ ಬಿಸಿ ಇತ್ತು.
ಇಷ್ಟು ವರ್ಷ ಕೂಗಿದ ಬಿಜೈ
ಕಿಟಕಿಯಿಂದ ಹೀಗೆ ಕಾಣುವುದು ಗೊತ್ತಿರಲಿಲ್ಲ:
ಎಳನೀರಿನ ಗಾಡಿ, ಬೀಗ ರಿಪೇರಿಯವನ ಛತ್ರಿ,
ಸ್ಟಾಪಿನಲ್ಲಿ ಒಬ್ಬ ಹುಡುಗ
ಚೀಲ ತಲೆಗಿಟ್ಟು ಕೈ ಅಡ್ಡ ಹಿಡಿದಿದ್ದ.

"ಹೋಲ್ಡೇ" ಅಂದೆ,
ಕೂತಲ್ಲಿಂದಲೇ.